ವಯರ್ ಕತ್ತರಿಸಿದ್ದು ನಾನು, ಪಂಪ್ ಸೋರಿದ್ದು ತಾನಾಗಿ

"ವಾರಂಟಿ ಕಿಟ್ಟೂಲ."

ಸಿಗುವುದಿಲ್ಲ ಎಂದರ್ಥ. ಕಾಸರಗೋಡಿನ ಸರ್ವಿಸ್ ಸೆಂಟರಿನಲ್ಲಿ ಅಡ್ವೈಸರ್ ಹುಡುಗ ಮಲಯಾಳದಲ್ಲಿ ಇಷ್ಟೇ ಹೇಳಿ ಕಂಪ್ಯೂಟರಿನ ಕಡೆ ತಿರುಗಿದ. ಹೊರಗೆ ತಗಡಿನ ಮಾಡಿನ ಮೇಲೆ ಆಟಿಯ ಮಳೆ ಬಡಿಯುತ್ತಿತ್ತು. "ಯಾವುದಕ್ಕೆ ಸಿಗುವುದಿಲ್ಲ?" ಎಂದು ಕೇಳಿದೆ. "ಯಾವುದಕ್ಕೂ ಇಲ್ಲ. ವಯರ್ ಕಟ್ ಮಾಡಿದ್ದೀರಿ. ಗಾಡಿಯ ವಾರಂಟಿಯೇ ಹೋಯಿತು" ಎಂದ. ಕಾರು ಕೊಂಡು ಎರಡು ವರ್ಷ ತುಂಬಿರಲಿಲ್ಲ. ಪುಸ್ತಿಕೆಯಲ್ಲಿ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್ ಎಂದು ಬರೆದಿತ್ತು, ನನ್ನದು ಓಡಿದ್ದು 31 ಸಾವಿರ.

ಅಲ್ಲಿಂದ ಮುಂದಿನ ಹತ್ತೊಂಬತ್ತು ದಿನ ನಾನು ಏನೇನು ಮಾಡಿದೆ, ಏನು ಸಿಕ್ಕಿತು, ಏನು ಸಿಗಲಿಲ್ಲ ಎಂಬುದನ್ನು ಬರೆದಿಡುತ್ತಿದ್ದೇನೆ. ನಮ್ಮ ಕಡೆ ಹೊಸ ಕಾರು ತಂದ ತಿಂಗಳೊಳಗೆ ಮಂಗಳೂರಿಗೋ ಕಾಸರಗೋಡಿಗೋ ಹೋಗಿ ಏನಾದರೊಂದು ಹೆಚ್ಚಿನದ್ದು ಹಾಕಿಸದವರು ಕಡಿಮೆ. ನನಗಾದದ್ದು ಅವರಲ್ಲಿ ಯಾರಿಗೂ ಆಗಬಹುದು.

ನಮ್ಮ ಮನೆ ಪೆರ್ಲದಿಂದ ಒಳಗೆ. ಅಮ್ಮನಿಗೆ ವಾರಕ್ಕೆ ಎರಡು ಸಲ ಮಂಗಳೂರಿನಲ್ಲಿ ಡಯಾಲಿಸಿಸ್. ಸಿಕ್ಕಿದ್ದು ಮಧ್ಯಾಹ್ನದ ಪಾಳಿ, ಹಾಗಾಗಿ ಹೊರಡುವಾಗಲೇ ಕತ್ತಲು. ಕಲ್ಲಡ್ಕದಲ್ಲಿ ಹೆದ್ದಾರಿ ಬಿಟ್ಟು ವಿಟ್ಲ, ಅಡ್ಯನಡ್ಕ, ಸಾರಡ್ಕ ದಾಟಿ ಪೆರ್ಲ ಸೇರಬೇಕು. ಆ ದಾರಿ ಗೊತ್ತಿದ್ದವರಿಗೆ ಮಳೆಗಾಲದ ರಾತ್ರಿ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ತಿರುವಿನಲ್ಲಿ ಮುರಕಲ್ಲಿನ ಕೆಂಪು ಗೋಡೆ ಬೆಳಕನ್ನೆಲ್ಲ ನುಂಗುತ್ತದೆ, ಒದ್ದೆ ಡಾಂಬರು ಉಳಿದದ್ದನ್ನು ನುಂಗುತ್ತದೆ. ಡಯಾಲಿಸಿಸ್ ಮುಗಿದ ಅಮ್ಮ ಹಿಂದಿನ ಸೀಟಿನಲ್ಲಿ ಒರಗಿರುವಾಗ ಒಂದು ಹೊಂಡಕ್ಕೆ ಚಕ್ರ ಇಳಿದರೂ ಅವರ ಮುಖ ಕಿವಿಚುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ನನಗೆ ಬೇಕಾದದ್ದು ಶೋಕಿಯಲ್ಲ, ಬೆಳಕು.

2024ರ ಮೇ ತಿಂಗಳಲ್ಲಿ, ಮಳೆಗೆ ಮೊದಲು, ಒಂದು ಆಕ್ಸೆಸರಿ ಅಂಗಡಿಗೆ ಹೋದೆ. ಕಂಪನಿಯ ಬಲ್ಬು 60/55 ವ್ಯಾಟ್, ಅಂದರೆ ಹೈ ಬೀಮಿಗೆ 60, ಡಿಮ್ಮಿಗೆ 55. ಅಂಗಡಿಯವರು ತೋರಿಸಿದ್ದು 100/90. "ರಿಲೇ ಹಾಕಿಯೇ ಕೊಡುತ್ತೇವೆ, ಗಾಡಿಯ ವಯರಿಂಗಿಗೆ ಏನೂ ಆಗುವುದಿಲ್ಲ" ಎಂದರು. ರಿಲೇ ಎಂದರೆ ದೀಪಕ್ಕೆ ಬ್ಯಾಟರಿಯಿಂದಲೇ ನೇರ ಕರೆಂಟು ಕೊಡುವ ಒಂದು ಸ್ವಿಚ್ಚು. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ನಾನು ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕುಳಿತಿದ್ದೆ, ಬಾನೆಟ್ಟಿನ ಹತ್ತಿರ ನಿಂತು ನೋಡಲಿಲ್ಲ. ಜೂನಿನಲ್ಲಿ ಎರಡು ಸಲ ಒಂದು ಬದಿಯ ದೀಪ ಹೋಯಿತು. ಫ್ಯೂಸ್ ಹೋದದ್ದೆಂದು ಹೇಳಿ ಅದೇ ಅಂಗಡಿಯವರು ಬದಲಿಸಿ ಕೊಟ್ಟರು. ಮತ್ತೆ ಹೋಗಲಿಲ್ಲ. ಸರಿಯಾಯಿತೆಂದು ಸಮಾಧಾನಪಟ್ಟೆ.

ಜುಲೈ ಮೂರನೇ ವಾರ, ರಾತ್ರಿ ಎಂಟೂವರೆ. ಸಾರಡ್ಕ ದಾಟಿ ಏರಿನಲ್ಲಿ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ದೀಪ ಎರಡು ಸಲ ಮಿಣುಕಿ ಆರಿತು, ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಹಳದಿ ಗುರುತುಗಳೆಲ್ಲ ಒಟ್ಟಿಗೆ ಹೊತ್ತಿದವು, ಎಂಜಿನ್ ನಿಂತಿತು. ಸ್ಟಿಯರಿಂಗ್ ಕಲ್ಲಿನಂತೆ ಬಿಗಿಯಾಯಿತು. ಹೇಗೋ ಬದಿಗೆ ತಂದು ನಿಲ್ಲಿಸಿದೆ. ಬ್ಯಾಟರಿಯ ಮೈನಸ್ ತೆಗೆಯಲು ಪಾನಾ ಹುಡುಕುವಾಗ ನನ್ನ ಕೈ ನಡುಗುತ್ತಿತ್ತು. ಅಮ್ಮ ಮಾತ್ರ "ಹೊಗೆ ಇಲ್ಲ ಅಲ್ವ? ಹಾಗಾದರೆ ಗಾಬರಿ ಬೇಡ" ಎಂದರು. ಗುರುತಿನವರ ಜೀಪು ಬರುವ ತನಕ ಒಂದು ಗಂಟೆ ಮಳೆಯಲ್ಲಿ ನಿಂತೆವು.

ಮರುದಿನ ಕಾರನ್ನು ಎಳೆದೊಯ್ದು ಸರ್ವಿಸ್ ಸೆಂಟರಿಗೆ ಮುಟ್ಟಿಸಿದರು. ಬಾನೆಟ್ ತೆಗೆಯುವಾಗ ನಾನೂ ಹತ್ತಿರವೇ ನಿಂತೆ. ಎಡಗಡೆಯ ಹೆಡ್‌ಲ್ಯಾಂಪಿನ ಹಿಂದೆ ಬಲ್ಬಿಗೆ ಸಿಕ್ಕಿಸುವ ಬಿಳಿ ಸಾಕೆಟ್ ಕಂದಾಗಿ, ಪಾಕ ಬಂದ ಬೆಲ್ಲದಂತೆ ಇಳಿದು ಗಟ್ಟಿಯಾಗಿತ್ತು. ಅಲ್ಲಿಂದ ಒಂದು ಗೇಣು ಹಿಂದೆ ಕಪ್ಪು ಟೇಪಿನ ಸುತ್ತು. ಮೆಕ್ಯಾನಿಕ್ ಅದನ್ನು ಉಗುರಿನಿಂದ ಬಿಡಿಸಿದ. ಕಂಪನಿಯ ವಯರನ್ನು ಕತ್ತರಿಸಿ, ತುದಿ ಸುಲಿದು, ಹೊಸ ವಯರಿಗೆ ಕೈಯಲ್ಲಿ ತಿರುಚಿದ್ದರು. ಒಳಗಿನ ತಾಮ್ರ ಹಸಿರಾಗಿತ್ತು, ತೋಟಕ್ಕೆ ಮದ್ದು ಬಿಟ್ಟ ಮೇಲೆ ಡ್ರಮ್ಮಿನ ಅಂಚಿನಲ್ಲಿ ಉಳಿಯುವ ಬಣ್ಣ. ರಿಲೇ ಎಂಬುದು ಎಲ್ಲಿಯೂ ಇರಲಿಲ್ಲ. ಆಮೇಲೆ ಅವನು ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆದು ಒಂದು ಕಡೆ ಬೆರಳಿಟ್ಟ. ಮುಚ್ಚಳದ ನಕ್ಷೆಯಲ್ಲಿ ಅಲ್ಲಿ 10 ಎಂದಿತ್ತು. ಹತ್ತು ಆಂಪಿಯರಿನ ಫ್ಯೂಸ್ ಕೆಂಪು ಬಣ್ಣದ್ದು. ಅಲ್ಲಿ ಕುಳಿತಿದ್ದದ್ದು ಹಸಿರು, ಅಂದರೆ ಮೂವತ್ತು.

ಆ ಹಸಿರು ಫ್ಯೂಸ್ ನೋಡಿದಾಗ ನನಗೆ ಎಲ್ಲ ಅರ್ಥವಾಯಿತು. ಲೆಕ್ಕ ಕಷ್ಟದ್ದೇನಲ್ಲ. 60 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ ಎಳೆಯುವುದು 5 ಆಂಪಿಯರ್, 100 ವ್ಯಾಟಿನದ್ದು ಎಂಟಕ್ಕಿಂತ ಸ್ವಲ್ಪ ಹೆಚ್ಚು. ಎಂಜಿನ್ ಓಡುತ್ತಿರುವಾಗ ವೋಲ್ಟೇಜ್ ಹದಿನಾಲ್ಕರ ಹತ್ತಿರ ಇರುವುದರಿಂದ ಇನ್ನೂ ಸ್ವಲ್ಪ ಏರುತ್ತದೆ. ವಯರಿನೊಳಗೆ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ, ಹಾಗಾಗಿ ಅದೇ ಸಪೂರ ವಯರಿನಲ್ಲಿ ಶಾಖ ಹೆಚ್ಚುಕಮ್ಮಿ ಎರಡೂ ಮುಕ್ಕಾಲು ಪಟ್ಟು. ತಿರುಚಿ ಕಟ್ಟಿದ ಜಾಗದಲ್ಲಿ ನೀರು ಕುಡಿದು ತಾಮ್ರ ಕಿಲುಬು ಹಿಡಿದಿದ್ದರೆ ಅಲ್ಲಿ ಇನ್ನೂ ಹೆಚ್ಚು. ಜೂನಿನಲ್ಲಿ ಕೆಂಪು ಫ್ಯೂಸ್ ಎರಡು ಸಲ ಸುಟ್ಟು, ಹೀಗೆ ಮಾಡಬೇಡಿ ಎಂದು ಹೇಳಿತ್ತು. ಅದನ್ನು ತೆಗೆದು ಹಸಿರು ಹಾಕಿದ ಮೇಲೆ, ಸುಡಬೇಕಾದ್ದು ಸುಡದೆ ವಯರ್ ಸುಟ್ಟಿತು. ಪಕ್ಕದ ವಯರುಗಳ ಹೊದಿಕೆಯೂ ಕರಗಿ ಒಂದಕ್ಕೊಂದು ತಾಗಿ ಎಂಜಿನ್ನೇ ನಿಂತಿತು.

ಇದಕ್ಕೆ ವಾರಂಟಿ ಕೊಡುವುದಿಲ್ಲ ಎಂದದ್ದು ನ್ಯಾಯವೇ. ನಾನು ಅಲ್ಲೇ ಒಪ್ಪಿಕೊಂಡೆ. ಕೆಲಸ ಮಾಡಿದ್ದು ಅಂಗಡಿಯವರಾದರೂ ಗಾಡಿ ನನ್ನದು, ಮಾಡಿಸಿದವನು ನಾನು.

ಆದರೆ ಅದೇ ಹೊತ್ತಿಗೆ ಮೆಕ್ಯಾನಿಕ್ ಇನ್ನೊಂದು ತೋರಿಸಿದ್ದ. ಎಂಜಿನ್ನಿನ ಪಕ್ಕ, ಬೆಲ್ಟಿನ ಕೆಳಗೆ, ವಾಟರ್ ಪಂಪಿನ ಮೈಮೇಲೆ ತಿಳಿಗುಲಾಬಿ ಬಣ್ಣದ ಒಣಗಿದ ಹಕ್ಕಳೆ, ಗೋಡೆಯ ಮೇಲೆ ಉಪ್ಪು ಏಳುತ್ತದಲ್ಲ, ಹಾಗೆ. ಕೂಲೆಂಟ್, ಅಂದರೆ ಎಂಜಿನ್ ತಣಿಸಲು ಆ ಪಂಪ್ ಓಡಿಸುವ ದ್ರವ, ಸೋರಿ ಒಣಗಿದ ಗುರುತು. ಪಂಪಿನ ಒಳಗಿನ ಸೀಲ್ ಸವೆದರೆ ನೀರು ಹೊರಗೆ ಬರಲೆಂದೇ ಒಂದು ಸಣ್ಣ ತೂತು ಬಿಟ್ಟಿರುತ್ತಾರೆ, ಅಲ್ಲಿಂದ ಬಂದದ್ದು. ಪಂಪ್ ಬದಲಿಸಲೇಬೇಕು. ಅಡ್ವೈಸರ್ ಅದನ್ನೂ ನನ್ನ ಬಿಲ್ಲಿಗೆ ಸೇರಿಸಿದ. ಹೆಡ್‌ಲ್ಯಾಂಪಿನ ವಯರಿಗೂ ಬೆಲ್ಟಿನಿಂದ ತಿರುಗುವ ಪಂಪಿಗೂ ಏನು ಸಂಬಂಧ ಎಂದು ಕೇಳಿದರೆ, "ಸಿಸ್ಟಮಿನಲ್ಲಿ ವಾಯ್ಡ್ ಎಂದು ಬರುತ್ತದೆ" ಎನ್ನುವುದೇ ಉತ್ತರ.

ಮನೆಗೆ ಬಂದು ಕಾರಿನ ಕಾಗದಪತ್ರದ ಚೀಲವನ್ನು ಚಾವಡಿಯಲ್ಲಿ ಸುರಿದೆ. ವಾರಂಟಿ ಪುಸ್ತಿಕೆ ಪೂರ್ತಿ ಇಂಗ್ಲಿಷಿನಲ್ಲಿತ್ತು. ಮಗಳು ಪ್ಲಸ್ ಟುವಿನಲ್ಲಿದ್ದಾಳೆ, ಅವಳನ್ನು ಕೂರಿಸಿಕೊಂಡು ಸಾಲು ಸಾಲಾಗಿ ಓದಿದೆ. ವಾರಂಟಿಗೆ ಒಳಪಡದವು ಎಂಬ ಪುಟದಲ್ಲಿ ನಮಗೆ ಬೇಕಾದ ವಾಕ್ಯ ಸಿಕ್ಕಿತು. ಕಂಪನಿ ಒಪ್ಪದ ಬದಲಾವಣೆ ಅಥವಾ ಬಿಡಿಭಾಗದಿಂದ ಉಂಟಾದ ಹಾನಿಗೆ ವಾರಂಟಿ ಇಲ್ಲ ಎಂದಿತ್ತು. ಮಗಳು ಅದನ್ನು ಎರಡು ಸಲ ಓದಿ, "ಅಪ್ಪ, ಬದಲಾವಣೆ ಮಾಡಿದರೆ ವಾರಂಟಿ ಇಲ್ಲ ಅಂತ ಇಲ್ಲ. ಬದಲಾವಣೆಯಿಂದ ಹಾಳಾದದ್ದಕ್ಕೆ ಇಲ್ಲ ಅಂತ ಇರುವುದು" ಎಂದಳು. ಆ "ಇಂದ" ಎಂಬ ಎರಡಕ್ಷರದ ಮೇಲೆ ನನ್ನ ಪೂರ್ತಿ ವಾದ ನಿಂತಿತು. ಎಲ್ಲ ಕಂಪನಿಗಳ ಪುಸ್ತಿಕೆ ಒಂದೇ ತರ ಇರುವುದಿಲ್ಲ, ಕೆಲವದರಲ್ಲಿ ಷರತ್ತು ಇನ್ನೂ ಬಿಗಿ ಇರಬಹುದು. ಅವರವರದ್ದನ್ನು ಅವರವರೇ ಓದಬೇಕು.

ಚೀಲದಲ್ಲಿ ಇನ್ನೊಂದು ಕಾಗದ ಸಿಕ್ಕಿತು. ಏಪ್ರಿಲಿನ ಸರ್ವಿಸಿನ ಜಾಬ್ ಕಾರ್ಡ್. ಅದರ ಕೆಳಗಿನ ಮೂಲೆಯಲ್ಲಿ ಪೆನ್ನಿನಲ್ಲಿ, ಕೂಲೆಂಟ್ ಕಡಿಮೆ ಇತ್ತು, ಟಾಪ್ ಅಪ್ ಮಾಡಿದ್ದೇವೆ ಎಂದು ಬರೆದಿದ್ದರು. ಬಲ್ಬು ಹಾಕಿಸಿದ್ದು ಮೇಯಲ್ಲಿ. ವಯರಿಗೆ ಕತ್ತರಿ ತಾಗುವ ಮೊದಲೇ ಪಂಪ್ ಸೋರಲು ಶುರುವಾಗಿತ್ತು ಎನ್ನುವುದಕ್ಕೆ ಅವರದೇ ಕೈಬರಹ ಸಾಕ್ಷಿ. ಸರ್ವಿಸಿನ ಕಾಗದಗಳನ್ನು ಎಸೆಯದೆ ಇಟ್ಟದ್ದು ಆ ದಿನ ಉಪಕಾರಕ್ಕೆ ಬಂತು.

ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದಾಗ ಅವನು, ಅಲ್ಲಿ 1975ರಿಂದ ಮ್ಯಾಗ್ನಸನ್-ಮಾಸ್ ಎಂಬ ವಾರಂಟಿ ಕಾನೂನು ಉಂಟು, ಹೊರಗಿನ ಪಾರ್ಟ್ ಹಾಕಿದ ಮಾತ್ರಕ್ಕೆ ವಾರಂಟಿ ಕಿತ್ತುಕೊಳ್ಳಲು ಬರುವುದಿಲ್ಲ ಎಂದ. ಇಂಟರ್ನೆಟ್ಟಿನಲ್ಲಿ ಸಿಗುವ ಸಲಹೆಗಳಲ್ಲಿ ಬಹುಪಾಲು ಆ ಕಾನೂನನ್ನು ನಂಬಿ ಬರೆದವು. ನಮ್ಮ ಸರ್ವಿಸ್ ಸೆಂಟರಿನಲ್ಲಿ ಅದರ ಹೆಸರು ಹೇಳಿ ಪ್ರಯೋಜನವಿಲ್ಲ. ನಮಗಿರುವುದು ಪುಸ್ತಿಕೆಯ ಷರತ್ತು ಮತ್ತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಆ ಕಾಯ್ದೆಯೂ ಪೂರ್ತಿ ನಮ್ಮ ಪರ ಅಲ್ಲ. ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯದ 87ನೇ ಕಲಮಿನಲ್ಲಿ, ಹಾನಿಯಾದ ಹೊತ್ತಿಗೆ ವಸ್ತುವನ್ನು ಮಾರ್ಪಾಡು ಮಾಡಿದ್ದರೆ ಮಾರಾಟಗಾರನ ಮೇಲೆ ಆ ಹಾನಿಯ ಪರಿಹಾರಕ್ಕೆ ದಾವೆ ಹೂಡುವಂತಿಲ್ಲ ಎಂದು ಉಂಟು. ಸಾರಡ್ಕದ ಏರಿನಲ್ಲಿ ಅಂದು ಬೆಂಕಿಯೇ ಹೊತ್ತಿ ನಮಗೆ ಏನಾದರೂ ಆಗಿದ್ದರೆ ನನ್ನ ಕೈಯಲ್ಲಿ ಏನು ಉಳಿಯುತ್ತಿತ್ತು ಎಂದು ಯೋಚಿಸಿ ಆ ರಾತ್ರಿ ನಿದ್ದೆ ಬರಲಿಲ್ಲ.

ಇನ್ಶೂರೆನ್ಸ್ ಏಜೆಂಟರನ್ನೂ ಕೇಳಿದೆ. ಅಪಘಾತವಲ್ಲದ ಎಲೆಕ್ಟ್ರಿಕಲ್ ಬ್ರೇಕ್‌ಡೌನ್ ಸಾಮಾನ್ಯ ಪಾಲಿಸಿಯಲ್ಲಿ ಬರುವುದಿಲ್ಲ ಎಂದರು. ಆ ಬಾಗಿಲು ಅಲ್ಲಿಗೇ ಮುಚ್ಚಿತು.

ಮರುದಿನ ಸರ್ವಿಸ್ ಸೆಂಟರಿಗೆ ಹೋಗಿ ಮ್ಯಾನೇಜರರ ಎದುರು ಕುಳಿತು ಒಂದೇ ಒಂದು ಬೇಡಿಕೆ ಇಟ್ಟೆ: "ಪಂಪಿಗೆ ವಾರಂಟಿ ಇಲ್ಲ ಎನ್ನುವುದನ್ನು ಬರೆದು ಕೊಡಿ. ಪುಸ್ತಿಕೆಯ ಯಾವ ಷರತ್ತಿನಂತೆ ಇಲ್ಲ ಎಂಬುದನ್ನೂ, ವಯರಿಂದ ಪಂಪ್ ಹೇಗೆ ಹಾಳಾಯಿತೆಂಬುದನ್ನೂ ಬರೆಯಿರಿ." ನಾನು ದನಿ ಎತ್ತಲಿಲ್ಲ. ವಯರಿಂಗಿನ ಪೂರ್ತಿ ಖರ್ಚು ನನ್ನದು ಎಂದು ಮೊದಲೇ ಹೇಳಿ ಒಂದು ಕಾಗದದಲ್ಲಿ ಬರೆದು ಸಹಿ ಹಾಕಿ ಕೊಟ್ಟಿದ್ದೆ. ಇದು ಮುಖ್ಯ ಎಂದು ನನಗೆ ಈಗಲೂ ಅನಿಸುತ್ತದೆ. ನಮ್ಮದನ್ನು ಒಪ್ಪಿಕೊಂಡ ಮೇಲೆ ಅವರದ್ದನ್ನು ಕೇಳಲು ಬಾಯಿ ಬರುತ್ತದೆ. ಮ್ಯಾನೇಜರ್ ಬರೆದು ಕೊಡುವ ಕ್ರಮ ಇಲ್ಲ ಎಂದರು. ನಾನು ಬಿಡಲಿಲ್ಲ. "ಹಾಗಾದರೆ ಈಮೇಲಿನಲ್ಲಿ ಕೇಳುತ್ತೇನೆ, ಉತ್ತರ ಈಮೇಲಿನಲ್ಲೇ ಕೊಡಿ" ಎಂದು ಎದ್ದು ಬಂದೆ.

ಈಮೇಲನ್ನು ಮಗಳು ಇಂಗ್ಲಿಷಿಗೆ ತಂದಳು. ಕಾರಿನ ನಂಬರು, ಚಾಸಿ ನಂಬರು, ದಿನಾಂಕಗಳು, ಏಪ್ರಿಲಿನ ಜಾಬ್ ಕಾರ್ಡಿನ ಫೋಟೋ, ಗುಲಾಬಿ ಹಕ್ಕಳೆಯ ಫೋಟೋ. ಸರ್ವಿಸ್ ಸೆಂಟರಿಗೂ ಕಂಪನಿಯ ಗ್ರಾಹಕ ವಿಭಾಗಕ್ಕೂ ಒಟ್ಟಿಗೆ ಕಳುಹಿಸಿದೆವು. ಐದು ದಿನ ಕಾದರೂ, ನಿಮ್ಮ ದೂರು ಸ್ವೀಕರಿಸಿದ್ದೇವೆ ಎಂಬ ಯಂತ್ರದ ಉತ್ತರ ಬಿಟ್ಟರೆ ಏನೂ ಇಲ್ಲ.

ಆರನೇ ದಿನ 1915ಕ್ಕೆ ಫೋನ್ ಮಾಡಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಬೆಳಿಗ್ಗೆ 8ರಿಂದ ರಾತ್ರಿ 8ರ ತನಕ. ಭಾಷೆ ಆರಿಸಲು ಹೇಳಿದಾಗ ಕನ್ನಡ ಒತ್ತಿದೆ. ಆಚೆಯಿಂದ ಒಬ್ಬ ಹೆಣ್ಣುಮಗಳು "ನಮಸ್ಕಾರ, ಹೇಳಿ ಸರ್" ಎಂದಾಗ ಒಂದು ಕ್ಷಣ ನನಗೆ ಮಾತೇ ಹೊರಡಲಿಲ್ಲ. ಕಾಸರಗೋಡಿನಲ್ಲಿ ಹುಟ್ಟಿ ಬೆಳೆದ ನಮಗೆ ಕೌಂಟರಿನಲ್ಲಿ ಒಂದು ಭಾಷೆ, ಕಾಗದದಲ್ಲಿ ಇನ್ನೊಂದು ಭಾಷೆ, ಮನಸ್ಸಿನಲ್ಲಿರುವುದನ್ನು ತಿರುವಿ ತಿರುವಿ ಹೇಳಿಯೇ ಅಭ್ಯಾಸ. ಅಲ್ಲಿ ಮಾತ್ರ ನಾನು ಪಂಪಿನ ಕಥೆಯನ್ನು ನಮ್ಮ ಮಾತಿನಲ್ಲಿ ಮೊದಲಿಂದ ಕೊನೆವರೆಗೆ ಹೇಳಿದೆ. ಅವಳು ನಡುವೆ ಬಾಯಿ ಹಾಕದೆ ಕೇಳಿ ಬರೆದುಕೊಂಡು ದೂರಿನ ಸಂಖ್ಯೆ ಕೊಟ್ಟಳು. ಸಹಾಯವಾಣಿಗೆ ತೀರ್ಪು ಕೊಡುವ ಅಧಿಕಾರ ಇಲ್ಲ, ಅವರು ಕಂಪನಿಗೆ ದೂರು ಮುಟ್ಟಿಸಿ ಉತ್ತರ ಕೇಳುತ್ತಾರೆ. ಅದರಿಂದ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು ಎಂದೂ ವಿವರಿಸಿದಳು. ನಾವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು, ಕಂಪನಿಯ ಕಚೇರಿ ಇರುವ ಊರಿಗೆ ಅಲೆಯಬೇಕಾಗಿಲ್ಲ. ಕಾರಣ ಹುಟ್ಟಿದ 2 ವರ್ಷದೊಳಗೆ ಹಾಕಬೇಕು. ನನ್ನ ಕಾರಿನ ಬೆಲೆ 5 ಲಕ್ಷ ಮತ್ತು 10 ಲಕ್ಷದ ನಡುವಿನದ್ದು, ಅದಕ್ಕೆ ಶುಲ್ಕ 200 ರೂಪಾಯಿ. ಅಗತ್ಯವಿದ್ದರೆ ಆಯೋಗ ವಸ್ತುವನ್ನು ಪರೀಕ್ಷೆಗೆ ಕಳುಹಿಸಬಹುದು ಎನ್ನುವುದು ನನಗೆ ಎಲ್ಲಕ್ಕಿಂತ ಧೈರ್ಯ ಕೊಟ್ಟ ಮಾತು, ಏಕೆಂದರೆ ಪಂಪ್ ಬಿಚ್ಚಿ ನೋಡಿದರೆ ಸತ್ಯ ಅದರೊಳಗೇ ಇತ್ತು.

ಈ ನಡುವೆ ಆರು ಸಲ ಬಾಡಿಗೆ ಕಾರಿನಲ್ಲಿ ಅಮ್ಮನನ್ನು ಮಂಗಳೂರಿಗೆ ಕರೆದೊಯ್ದೆ. ನೆರೆಮನೆಯ ಹುಡುಗ ತನ್ನ ಜೀಪು ಕೊಡುತ್ತೇನೆಂದ. ಅವನ ಜೀಪಿಗೆ ಮಡ್‌ಗಾರ್ಡಿನಿಂದ ನಾಲ್ಕು ಬೆರಳು ಹೊರಗೆ ಚಾಚಿದ ಟಯರು, ಎತ್ತರಿಸಿದ ಸಸ್ಪೆನ್ಷನ್, ಬಂಪರಿನಲ್ಲಿ ಸಾಲು ದೀಪ. ಅವನಿಗೂ ಒಂದು ವಿಷಯ ಹೇಳಿದೆ. ಅದು ವಾರಂಟಿಗಿಂತ ದೊಡ್ಡದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕಿಂತ ಆರ್‌ಸಿಯ ವಿವರ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದದ್ದು ಕೇರಳದಿಂದಲೇ ಹೋದ ಪ್ರಕರಣದಲ್ಲಿ. ಅದೇ ವರ್ಷದ ತಿದ್ದುಪಡಿಯ ನಂತರ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆಯೂ ಆಗಬಹುದು. ಅವನು ಜೀಪಿಗೆ ಒಂದು ಸುತ್ತು ಬಂದು ಬೆರಳೆಣಿಸಿ ಸುಮ್ಮನಾದ.

ಹದಿಮೂರನೇ ದಿನ ಫೋನ್ ಬಂತು. ಕಂಪನಿಯ ಪ್ರಾದೇಶಿಕ ಕಚೇರಿಯಿಂದ ತಾಂತ್ರಿಕ ಅಧಿಕಾರಿಯೊಬ್ಬರು ಬರುತ್ತಾರೆ, ನೀವೂ ಇರಿ ಎಂದರು. ಅವರು ಬಂದು ಮೊದಲು ವಯರ್ ನೋಡಿದರು, ಫೋಟೋ ತೆಗೆದರು, ಹಸಿರು ಫ್ಯೂಸನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿದರು. ಆಮೇಲೆ ಪಂಪ್ ಬಿಚ್ಚಿಸಿದರು. ಅದರ ಗಾಲಿಯನ್ನು ಬೆರಳಿನಲ್ಲಿ ಅಲ್ಲಾಡಿಸಿದಾಗ ಕಟಕಟ ಎಂದು ಸಡಿಲ ಆಡಿತು. ಬೇರಿಂಗ್ ಹೋಗಿತ್ತು, ಅದರ ಹಿಂದೆ ಸೀಲೂ ಹೋಗಿತ್ತು. ಅವರು ಏಪ್ರಿಲಿನ ಜಾಬ್ ಕಾರ್ಡನ್ನು ಎರಡು ಸಲ ಓದಿ ಮ್ಯಾನೇಜರರ ಕೈಗೆ ಕೊಟ್ಟು, "ಇದು ಬೇರೆ, ಅದು ಬೇರೆ" ಎಂದರು. ಅಷ್ಟೇ ಮಾತು. ಇಷ್ಟು ದಿನದಿಂದ ನಾನು ಹೇಳುತ್ತಿದ್ದದ್ದೂ ಅದನ್ನೇ.

ಹೊರಡುವ ಮುಂಚೆ ಅವರು ನನ್ನನ್ನು ಕೇಳಿದರು, ಕಂಪನಿಯ ಬಲ್ಬಿನ ಬೆಳಕು ಸಾಲದೆಂದು ಯಾಕೆ ಅನಿಸಿತು ಎಂದು. ಅಮ್ಮನ ವಿಷಯ, ದಾರಿಯ ವಿಷಯ ಹೇಳಿದೆ. ಅವರು ಡ್ರೈವರ್ ಸೀಟಿನಲ್ಲಿ ಕುಳಿತು ಸ್ಟಿಯರಿಂಗಿನ ಬಲಗಡೆ ಇರುವ ಒಂದು ಸಣ್ಣ ಚಕ್ರ ತೋರಿಸಿದರು. 0ಯಿಂದ 3ರ ತನಕ ಅಂಕೆ. ಹಿಂದೆ ಭಾರ ಹೇರಿದಾಗ ಕಾರಿನ ಮೂತಿ ಮೇಲೇಳುತ್ತದೆ, ಎದುರಿನವರ ಕಣ್ಣಿಗೆ ಹೊಡೆಯದಂತೆ ದೀಪವನ್ನು ತಗ್ಗಿಸಲು ಅದು. ನನ್ನದು 3ರಲ್ಲಿತ್ತು. ಹಿಂದಿನ ವರ್ಷ ಅಡಿಕೆ ಮೂಟೆ ಹೇರಿಕೊಂಡು ಹೋದಾಗ ತಿರುಗಿಸಿದ್ದು, ಮತ್ತೆ 0ಗೆ ತಂದಿರಲಿಲ್ಲ. ಅಷ್ಟು ತಿಂಗಳು ನನ್ನ ದೀಪ ನೆಲ ನೋಡಿಕೊಂಡೇ ಓಡಿತ್ತು.

ವಯರಿಂಗ್, ಎರಡು ಸಾಕೆಟ್, ಫ್ಯೂಸ್ ಪೆಟ್ಟಿಗೆ, ಕೂಲಿ ಸೇರಿ ನಾನು ಕೊಟ್ಟದ್ದು 27,600 ರೂಪಾಯಿ. ಪಂಪು, ಕೂಲೆಂಟ್, ಅದರ ಕೂಲಿ ವಾರಂಟಿಯಲ್ಲಿ. ಬಲ್ಬು ಮತ್ತೆ 60/55ರದ್ದೇ ಹಾಕಿಸಿದೆ. ಬಾಡಿಗೆ ಕಾರಿನ ದುಡ್ಡು ಯಾರೂ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಕಾರು ತೆಗೆದುಕೊಳ್ಳುವ ಸಂಜೆ ಜಾಬ್ ಕಾರ್ಡಿಗೆ ಸಹಿ ಹಾಕುವ ಮೊದಲು ಓದಿದೆ. ಕೊನೆಯಲ್ಲಿ, ಹೆಡ್‌ಲ್ಯಾಂಪ್ ಸರ್ಕ್ಯೂಟ್ ವಾರಂಟಿಯಿಂದ ಹೊರಗೆ ಎಂದು ಟೈಪ್ ಮಾಡಿದ್ದರು. ಅಡ್ವೈಸರ್ ಹುಡುಗನಿಗೆ, "ಇಲ್ಲಿ ಒಂದು 'ಮಾತ್ರ' ಸೇರಿಸು" ಎಂದೆ. ಅವನು ನನ್ನ ಮುಖ ನೋಡಿದ. ಆಮೇಲೆ ಪೆನ್ನು ತೆಗೆದು ಸಾಲಿನ ಮೇಲೆ ಸಣ್ಣದಾಗಿ ಇಂಗ್ಲಿಷಿನಲ್ಲಿ ಬರೆದು, ಪಕ್ಕದಲ್ಲಿ ಸಹಿ ಹಾಕಿ, ಸೀಲು ಒತ್ತಿದ. ಮಸಿ ಆರುವ ತನಕ ಕಾಗದವನ್ನು ಮಡಚದೆ ಕೈಯಲ್ಲೇ ಹಿಡಿದುಕೊಂಡು ಕಾರಿನ ಹತ್ತಿರ ಹೋದೆ. ಮರುದಿನ ಮಧ್ಯಾಹ್ನ ಅಮ್ಮನ ಪಾಳಿ ಇತ್ತು.